ನೊಟೇಶನ್ ಫೈಲಿನಿಂದಲೇ ಗಿಟಾರ್ ಕಾರ್ಡ್, ಸಾಹಿತ್ಯದ ಕ್ಯಾಪ್ಶನ್

ಜಯನಗರ, ಮಲ್ಲೇಶ್ವರದ ಕಡೆ ಗಿಟಾರ್ ಹಿಡಿದು ಗುಂಪಿನಲ್ಲಿ ಹಾಡುವವರಿಗೆ: ಅಭ್ಯಾಸದ ವಿಡಿಯೊದಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಸಾಹಿತ್ಯ ತೋರಿಸುವ ಕ್ಯಾಪ್ಶನ್‌ಗಳಿಗೆ ಕೈಯಾರೆ ಟೈಮ್ ಕೂರಿಸುವ ಅಗತ್ಯವಿಲ್ಲ. ನೊಟೇಶನ್ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಿಂದ ಹಾಡನ್ನು ಮ್ಯೂಸಿಕ್‌ಎಕ್ಸ್‌ಎಮ್‌ಎಲ್ (ನೊಟೇಶನ್ ಹಂಚಿಕೊಳ್ಳುವ ಫೈಲ್ ರೂಪ) ಆಗಿ ಎಕ್ಸ್‌ಪೋರ್ಟ್ ಮಾಡಿ, ಪೈಥಾನ್‌ನ ಮ್ಯೂಸಿಕ್21 ಲೈಬ್ರರಿಯಲ್ಲಿ ತೆರೆಯಿರಿ. ಪ್ರತಿ ಸ್ವರ ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂಬುದು ಅದರಲ್ಲೇ ಸಿಗುತ್ತದೆ.

ಹೆಚ್ಚು ಕೈಕೊಡುವುದು ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ. ಅದರ ಗುರುತು ಸಾಮಾನ್ಯವಾಗಿ ಮೇಲಿನ ಪಾರ್ಟ್‌ನಲ್ಲಿ (ಒಂದು ದನಿ ಅಥವಾ ವಾದ್ಯದ ಸಾಲಿನಲ್ಲಿ) ಮಾತ್ರ ಇರುತ್ತದೆ. ಕೆಳಗಿನ ಪಾರ್ಟ್ ಒಂದನ್ನೇ ಎತ್ತಿಕೊಂಡರೆ ಪ್ರೋಗ್ರಾಂ 120 ಎಂದು ಹಿಡಿಯುತ್ತದೆ. ಟೆಂಪೊ 90, ತಾಳ 4/4 (ಪ್ರತಿ ಬಾರ್‌ಗೆ ನಾಲ್ಕು ಬೀಟ್) ಇದ್ದರೆ ಐದನೇ ಬಾರ್ 00:00:10,667ಕ್ಕೆ ಶುರುವಾಗಬೇಕು. 120ರಲ್ಲಿ 8ನೇ ಸೆಕೆಂಡಿಗೇ ಬಂದುಬಿಡುತ್ತದೆ. ಮೊದಲು ಈ ಒಂದು ಬಾರ್ ಲೆಕ್ಕ ಹಾಕಿ ನೋಡಿ.

ರಿಪೀಟ್‌ಗಳನ್ನು (ಮತ್ತೆ ಹಾಡುವ ಭಾಗಗಳನ್ನು) ಪೂರ್ತಿ ಬಿಡಿಸಿ ಬರೆದುಕೊಂಡೇ ಸಮಯ ತೆಗೆಯಿರಿ, ಇಲ್ಲದಿದ್ದರೆ ಎರಡನೇ ಸಲ ಪಲ್ಲವಿ ಬರುವಾಗ ಚರಣದ ಸಾಲು ಕಾಣುತ್ತದೆ. ಎರಡನೇ ಸುತ್ತಿಗೆ ಎರಡನೇ ಸಾಲಿನ ಸಾಹಿತ್ಯವನ್ನು ನಾವೇ ಆರಿಸಬೇಕು.

ಸಾಹಿತ್ಯ ತುಂಬುವಾಗ ‘ಎ-ಲ್ಲಿ’ ಎಂದು ಒತ್ತಕ್ಷರ ಒಡೆಯದಂತೆ ಹೈಫನ್ ಹಾಕಿ. ಜೋಡಿಸುವಾಗ ಪದದ ಆರಂಭ, ಮಧ್ಯದ ಅಕ್ಷರಗಳ ನಂತರ ಖಾಲಿ ಜಾಗ ಬೇಡ, ಕೊನೆಯದರ ನಂತರ ಮಾತ್ರ.

ಕಾರ್ಡನ್ನು ಮೇಲಿನ ಸಾಲಿನಲ್ಲಿಟ್ಟು ಸ್ಪೇಸ್ ಒತ್ತಿ ಹೊಂದಿಸಲು ಹೋಗಬೇಡಿ. ಕನ್ನಡ ಅಕ್ಷರಗಳ ಅಗಲ ಒಂದೇ ಅಲ್ಲ, ಮೊಬೈಲಿನಲ್ಲಿ ಎಲ್ಲಾ ಸರಿದುಹೋಗುತ್ತದೆ. ಅಕ್ಷರದ ಮುಂದೆಯೇ ಚೌಕ ಆವರಣದಲ್ಲಿ ಬರೆಯಿರಿ. ಪ್ರತಿ ಕ್ಯಾಪ್ಶನ್ ಅರ್ಧ ಸೆಕೆಂಡ್ ಮೊದಲೇ ಬಂದರೆ ಬೆರಳು ಬದಲಿಸಲು ಸಮಯ ಸಿಗುತ್ತದೆ. ಆದರೆ ಹಿಂದಿನದನ್ನೂ ಅಷ್ಟೇ ಬೇಗ ಮುಗಿಸಿ, ಎರಡು ಒಂದರ ಮೇಲೊಂದು ಬೀಳಬಾರದು. ಕ್ಯಾಪ್ಶನ್, ಅದರ ಸಮಯ ಇರುವ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿ. ಮಿಲಿಸೆಕೆಂಡಿಗೆ ಮುಂಚೆ ಚುಕ್ಕಿಯಲ್ಲ, ಅಲ್ಪವಿರಾಮ.