ಮೂಗು ಹಿಡಿದು ತಿಂದಾಗ ಸಿಕ್ಕ ಬಾರ್ಬೆಕ್ಯೂ

ಬಾರ್ಬೆಕ್ಯೂ, ಅಂದರೆ ಕೆಂಡದ ಮೇಲೆ ಸುಟ್ಟ ಮಾಂಸದ ಸ್ವಾದದ ಚಿಪ್ಸ್ ನನಗೆ ಬಲು ಇಷ್ಟ. ಆದರೆ ಆ ರುಚಿ ಎಂಥದ್ದು ಎಂದು ಯಾರಾದರೂ ಕೇಳಿದರೆ "ಸ್ವಲ್ಪ ಖಾರ, ಸ್ವಲ್ಪ ಸಿಹಿ" ಎನ್ನುವುದರಾಚೆ ಮಾತು ಹೊರಡುತ್ತಿರಲಿಲ್ಲ. ಅದಕ್ಕೇ ಒಂದು ಮಧ್ಯಾಹ್ನ ಬಿಳಿ ತಟ್ಟೆ, ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರು ಇಟ್ಟುಕೊಂಡು ಒಂದೊಂದೇ ಚಿಪ್ಸ್ ತಿನ್ನುತ್ತ ಕೂತೆ.

ಮೊದಲನೆಯದನ್ನು ಮೂಗು ಬಿಗಿಯಾಗಿ ಹಿಡಿದು ಬಾಯಿಗಿಟ್ಟೆ. ಮಸಾಲೆ ಹೆಚ್ಚಿದ್ದ ಮೈ ನಾಲಿಗೆಯ ಮೇಲೆ ಬರುವಂತೆ ಇಡಬೇಕು, ಆಗ ಪುಡಿ ಬೇಗ ಕರಗುತ್ತದೆ. ಮೊದಲು ಉಪ್ಪು, ಬೆನ್ನಿಗೇ ಸಕ್ಕರೆ, ಆಮೇಲೆ ಸಿಟ್ರಿಕ್ ಆಮ್ಲದ ಹುಳಿ. ಹೊಗೆಯ ಸುಳಿವೇ ಇಲ್ಲ! ಅಗಿಯುತ್ತಲೇ ಮೂಗು ಬಿಟ್ಟೆ. ಗಂಟಲ ಹಿಂದಿನಿಂದ ಹೊಗೆ ಒಮ್ಮೆಲೇ ಮೇಲೇರಿತು, ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ. ಮೂರು ಸಲ ಹೀಗೇ ಮಾಡಿದೆ, ಮೂರು ಸಲವೂ ಅದೇ. ಇಷ್ಟು ವರ್ಷ ನಾಲಿಗೆಯದು ಎಂದುಕೊಂಡಿದ್ದ ಬಾರ್ಬೆಕ್ಯೂ ಮೂಗಿನದಾಗಿತ್ತು.

ಈ ಹೊಗೆಗೆ ಕಾರಣ ಗ್ವಾಯಕಾಲ್, ಸಿರಿಂಗಾಲ್‌ನಂಥ ವಸ್ತುಗಳು. ಕಟ್ಟಿಗೆಯಲ್ಲಿರುವ ಲಿಗ್ನಿನ್ ಬೆಂದು ಒಡೆದಾಗ ಇವು ಹುಟ್ಟುತ್ತವೆ. ಚಿಪ್ಸ್ ಅನ್ನು ಕೆಂಡದ ಮೇಲೆ ಹಿಡಿಯಬೇಕಿಲ್ಲ. ಹೊಗೆಯನ್ನು ನೀರಿಗೆ ಇಳಿಸಿ, ಡಾಂಬರಿನಂಥ ಅಂಶ ಸೋಸಿ, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿಯ ಜೊತೆ ಒಣಗಿಸಿದರೆ ಪುಡಿ ಸಿದ್ಧ. ವಂಶವಾಹಿಗಳಿಗೆ ಹಾನಿಯಾದೀತೆಂಬ ಆತಂಕದಿಂದ ಯುರೋಪಿಯನ್ ಒಕ್ಕೂಟ 2024ರಲ್ಲಿ ಎಂಟು ಹೊಗೆ ಸ್ವಾದಗಳ ಅನುಮತಿಯನ್ನು ನವೀಕರಿಸಲಿಲ್ಲ. ಅದನ್ನು ಓದಿದಮೇಲೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ನೋಡದೆ ನಾನು ತಿನ್ನುವುದಿಲ್ಲ.

ಅಲ್ಲೇ 621, 627, 631 ಎಂಬ, ರುಚಿ ಹೆಚ್ಚಿಸುವ ವಸ್ತುಗಳ ಸಂಖ್ಯೆಗಳೂ ಇದ್ದವು. ಮೊದಲನೆಯದು ಗ್ಲುಟಮೇಟ್, 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಗುರುತಿಸಿದ, ಮಾಂಸದ ಸಾರಿನಂಥ ಉಮಾಮಿ ರುಚಿ ಇದರದೇ. ಉಳಿದೆರಡು ಅದರ ಜೊತೆ ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ. ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಿತ್ತಲ್ಲ, ಕೈ ತಾನಾಗಿ ಮತ್ತೆ ಪೊಟ್ಟಣದ ಕಡೆಗೆ ಹೋಗುತ್ತಿತ್ತಲ್ಲ, ಅದರಲ್ಲಿ ಇವುಗಳ ಪಾಲು ದೊಡ್ಡದು ಎಂದು ನನಗನಿಸುತ್ತದೆ.

ಖಾರ ಮಾತ್ರ ತೊಂದರೆ ಕೊಟ್ಟಿತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಮುಕ್ಕಳಿಸಿದರೂ ಉರಿ ಹಾಗೇ. ಒಂದು ಗುಟುಕು ಹಾಲು ಕುಡಿದ ಮೇಲೆ ನಾಲಿಗೆ ತಿಳಿಯಾಯಿತು.

ಏಳೆಂಟು ಚಿಪ್ಸ್ ಆದಮೇಲೆ ಹೊಗೆ ಮಂಕಾಯಿತು. ಪುಡಿ ಕಡಿಮೆಯಾಗಿರಲಿಲ್ಲ, ಮೂಗು ಆ ವಾಸನೆಗೆ ಒಗ್ಗಿಹೋಗಿತ್ತು. ಹೊರಗಿನ ಗಾಳಿಗೆ ಹೋಗಿ ಹತ್ತು ನಿಮಿಷ ನಿಂತು ಬಂದು ಇನ್ನೊಂದು ಬಾಯಿಗಿಟ್ಟೆ. ಹೊಗೆ ಮತ್ತೆ ಮೇಲೇರಿತು.