ಅಂಗೈಯಗಲದ ಅಡೋಬಿ ಮನೆ: ಯುದ್ಧದಾಟದ ಮೇಜಿಗೊಂದು ಮಣ್ಣಿನ ಮಾಳಿಗೆ

1847ರ ಫೆಬ್ರುವರಿಯಲ್ಲಿ ಅಮೆರಿಕದ ಸೇನೆ ನ್ಯೂ ಮೆಕ್ಸಿಕೊದ ತಾವೋಸ್ ಪ್ಯೂಬ್ಲೊ ಎಂಬ ಮೂಲನಿವಾಸಿಗಳ ಊರಿನ ಮೇಲೆ ಎರಗಿದಾಗ, ಅಮೆರಿಕದ ಆಳ್ವಿಕೆಯ ವಿರುದ್ಧ ಬಂಡೆದ್ದವರು ಅಲ್ಲಿನ ಚರ್ಚಿನೊಳಗೆ ಸೇರಿಕೊಂಡರು. ಅಡೋಬಿಯ, ಅಂದರೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ, ಆ ದಪ್ಪ ಗೋಡೆ ಫಿರಂಗಿ ಗುಂಡಿಗೂ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ಸೈನಿಕರು ಗೋಡೆಯ ಬುಡಕ್ಕೇ ಹೋಗಿ ಕೊಡಲಿಯಿಂದ ಕಡಿದು ತೂತು ಮಾಡಬೇಕಾಯಿತು. ಇಂಥ ಕಾಳಗವನ್ನು ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ದಾಳ ಉರುಳಿಸಿ ಆಡುವವರಿಗೆ ಮನೆಯೆಂದರೆ ಬರೀ ಅಲಂಕಾರವಲ್ಲ. ಗೋಡೆ ದಪ್ಪವಾಗಿ ಕಾಣಬೇಕು, ಚಾವಣಿ ಎತ್ತಿ ಒಳಗೆ ಆಳುಗಳನ್ನು ಇಡುವಂತಿರಬೇಕು, ಮಾಳಿಗೆಯ ಮೋಟುಗೋಡೆಯ ಹಿಂದೆ ಬಂದೂಕುಗಾರರು ನಿಲ್ಲುವಂತಿರಬೇಕು.

ಬಳ್ಳಾರಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದರ ರಚನೆ ಹೊಸದೇನಲ್ಲ. ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ನ್ಯೂ ಮೆಕ್ಸಿಕೊದಲ್ಲಿ ತೊಲೆಯ ತುದಿಗಳು ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತವೆ, ಮಳೆನೀರನ್ನು ಮರದ ದೋಣಿಗಳು ಗೋಡೆಯಿಂದಾಚೆಗೆ ಬೀಳಿಸುತ್ತವೆ.

ಅಳತೆ ಮತ್ತು ಸಾಮಗ್ರಿ

ಇಲ್ಲಿ ಕೊಟ್ಟಿರುವ ಅಳತೆಯೆಲ್ಲ 28 ಮಿ.ಮೀ. ಬೊಂಬೆಗಳಿಗೆ, ಅಂದರೆ ಸುಮಾರು 1:56 ಪ್ರಮಾಣಕ್ಕೆ. ಎರಡು ಅಡಿ ದಪ್ಪದ ಗೋಡೆ ಈ ಲೆಕ್ಕದಲ್ಲಿ 11 ಮಿ.ಮೀ. ಆಗುತ್ತದೆ. ಹಾಗಾಗಿ 10 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಶೀಟ್ (ಕಾಳಿಲ್ಲದ, ಒತ್ತಾದ ಗಟ್ಟಿ ಫೋಮ್) ಹೇಳಿ ಮಾಡಿಸಿದಂತಿದೆ. ಪ್ಯಾಕಿಂಗಿಗೆ ಬರುವ ಬಿಳಿ ಥರ್ಮೊಕೋಲ್ ಬೇಡ. ಕತ್ತರಿಸಿದರೆ ಕಾಳುಕಾಳಾಗಿ ಉದುರುತ್ತದೆ, ಇಟ್ಟಿಗೆಯ ಗೆರೆ ಅದರ ಮೇಲೆ ನಿಲ್ಲುವುದಿಲ್ಲ.

ಉಳಿದಂತೆ ಬೇಕಾದದ್ದು: ತಳಕ್ಕೆ 3 ಮಿ.ಮೀ. ಎಂಡಿಎಫ್ ಹಲಗೆ (150 x 120 ಮಿ.ಮೀ.), ಚಾವಣಿಗೆ 3 ಮಿ.ಮೀ. ಸನ್‌ಬೋರ್ಡ್, 3 ಮಿ.ಮೀ. ದಪ್ಪದ ಬಿದಿರು ಕಡ್ಡಿ, ಕಾಫಿ ಕಲಕುವ ತೆಳ್ಳನೆಯ ಮರದ ಕಡ್ಡಿ, ಫೆವಿಕಾಲ್, ಡಬ್ಬಿಯಲ್ಲಿ ಕಲಸಿಯೇ ಬರುವ ಅಕ್ರಿಲಿಕ್ ವಾಲ್ ಪುಟ್ಟಿ, ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದ ಮರಳು, 120 ನಂಬರಿನ ಉಪ್ಪು ಕಾಗದ, ಹೊಸ ಬ್ಲೇಡಿನ ಕಟರ್. ಬ್ಲೇಡ್ ಹೊಸದೇ ಆಗಿರಲಿ. ಮೊಂಡಾದದ್ದು ಫೋಮನ್ನು ಕೊಯ್ಯುವುದಿಲ್ಲ, ಹರಿಯುತ್ತದೆ.

ಗೋಡೆ

110 x 72 ಮಿ.ಮೀ. ಅಳತೆಯ ಎರಡು ಉದ್ದ ಗೋಡೆ, 65 x 72 ಮಿ.ಮೀ. ಅಳತೆಯ ಎರಡು ಗಿಡ್ಡ ಗೋಡೆ ಕತ್ತರಿಸಿ. ಗಿಡ್ಡವು ಉದ್ದದವುಗಳ ನಡುವೆ ಕೂರುತ್ತವೆ. ಮನೆಯ ಹೊರ ಅಳತೆ 110 x 85 ಬರುತ್ತದೆ. ಕಟರನ್ನು ಒಂದೇ ಸಲ ಒತ್ತಿ ಎಳೆಯಬೇಡಿ. ಮೊದಲು ಗೀರು, ಆಮೇಲೆ ಅರ್ಧ ಆಳ, ಮೂರನೆಯ ಸಲಕ್ಕೆ ಪೂರ್ತಿ.

ಮುಂದಿನ ಗೋಡೆಯಲ್ಲಿ ಬಾಗಿಲಿಗೆ 18 x 36 ಮಿ.ಮೀ. ಕಂಡಿ, ಒಂದು ಗಿಡ್ಡ ಗೋಡೆಯಲ್ಲಿ 12 x 12 ಮಿ.ಮೀ. ಕಿಟಕಿ ಒಂದೇ ಒಂದು. ಕಿಟಕಿ ಹೆಚ್ಚಿದಷ್ಟೂ ಮನೆಯ ಗತ್ತು ಕಡಿಮೆಯಾಗುತ್ತದೆ. ಎರಡೂ ಕಂಡಿಗಳ ಮೇಲೆ ಮರದ ಲಿಂಟಲ್ ಬರಲೇಬೇಕು, ಕಂಡಿಯ ಆಚೀಚೆ 5 ಮಿ.ಮೀ. ಗೋಡೆಯೊಳಗೆ ಕೂರುವಷ್ಟು ಉದ್ದ. ಹಸಿ ಇಟ್ಟಿಗೆ ತನ್ನ ಭಾರವನ್ನು ಕಂಡಿಯ ಮೇಲೆ ತಾನೇ ಹೊರಲಾರದು. ಲಿಂಟಲ್ ಇಲ್ಲದ ಬಾಗಿಲು ಕಂಡರೆ, ಏಕೆಂದು ತಿಳಿಯದವರಿಗೂ ಏನೋ ತಪ್ಪಿದೆ ಅನ್ನಿಸುತ್ತದೆ.

ಗೋಡೆಗಳನ್ನು ಫೆವಿಕಾಲಿನಿಂದ ಅಂಟಿಸಿ, ಗುಂಡುಸೂಜಿ ಚುಚ್ಚಿ ರಾತ್ರಿಯಿಡೀ ಬಿಡಿ. ತೀರಾ ಬಿಸಿಯಾದ ಗ್ಲೂ ಗನ್ ಫೋಮನ್ನು ಕರಗಿಸಿ ಸಂದು ಬಿಡಿಸುತ್ತದೆ. ಒಳಗಡೆ, ತಳದಿಂದ 55 ಮಿ.ಮೀ. ಎತ್ತರಕ್ಕೆ ಮೇಲಂಚು ಬರುವಂತೆ 5 ಮಿ.ಮೀ. ಅಗಲದ ಫೋಮ್ ಪಟ್ಟಿಯನ್ನು ಸುತ್ತಲೂ ಅಂಟಿಸಿ. ಚಾವಣಿ ಕೂರುವುದು ಇದರ ಮೇಲೆ. ಚಾವಣಿಯ ದಪ್ಪ ಕಳೆದು ಮೇಲೆ ಉಳಿಯುವ 14 ಮಿ.ಮೀ. ಮೋಟುಗೋಡೆಯಾಗುತ್ತದೆ, ಬೊಂಬೆಯ ಸೊಂಟ ಮರೆಯಾಗಿ ಬಂದೂಕು ಮೇಲೆ ಕಾಣಲು ಅಷ್ಟು ಸಾಕು.

ಇನ್ನು ಮೂಲೆಗಳು. ಮಣ್ಣಿನ ಮನೆಯಲ್ಲಿ ಚೂಪು ಅಂಚು ಎಲ್ಲೂ ಇರುವುದಿಲ್ಲ. ಉಪ್ಪು ಕಾಗದದಿಂದ ಎಲ್ಲ ಅಂಚನ್ನೂ ದುಂಡಗೆ ಮಾಡಿ, ಗೋಡೆಯ ಹೊರಮೈಯನ್ನು ಮೇಲ್ಭಾಗದಲ್ಲಿ ಒಂದೂವರೆ ಮಿ.ಮೀ. ಸವೆಸಿ. ಬುಡ ದಪ್ಪ, ತಲೆ ತೆಳು ಆಗಬೇಕು. ಮೋಟುಗೋಡೆಯ ನೆತ್ತಿ ಸ್ವಲ್ಪ ಏರಿಳಿಯಲಿ. ಮೂಗಿಗೆ ಮಾಸ್ಕ್ ಇರಲಿ. ಫೋಮಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಇಟ್ಟಿಗೆ ಎಲ್ಲಿ ಕಾಣಬೇಕು?

ಮನೆ ನಿಜವೆನ್ನಿಸುವುದೋ ಆಟಿಕೆಯಾಗುವುದೋ ಇಲ್ಲೇ ನಿರ್ಧಾರವಾಗುತ್ತದೆ. ಕಂಡಕಂಡಲ್ಲಿ ಗಿಲಾವು ಉದುರಿಸಿ ಇಟ್ಟಿಗೆ ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಗಿಲಾವು ಎಲ್ಲೆಂದರಲ್ಲಿ ಉದುರುವುದಿಲ್ಲ, ನೀರು ಹೇಳಿದಲ್ಲಿ ಉದುರುತ್ತದೆ. ನೆಲದ ತೇವ ಹೀರಿ, ಮಳೆಹನಿ ಎರಚಿ ಸವೆಯುವ ಬುಡ ಮೊದಲನೆಯದು. ಗಾಳಿ ಮಳೆಗೆ ಸಿಕ್ಕುವ ಮೂಲೆ, ದೋಣಿಯ ಕೆಳಗಿನ ಜಾಡು, ಮೋಟುಗೋಡೆಯ ನೆತ್ತಿ ಆಮೇಲಿನವು. ಗೋಡೆಯ ನಡುಮಧ್ಯ, ತೊಲೆಯ ನೆರಳಿನ ಭಾಗ ಬಹುಕಾಲ ಹಾಗೇ ಉಳಿಯುತ್ತದೆ. ಒಂದು ಮನೆಗೆ ಇಂಥ ಮೂರು ಜಾಗ ಆರಿಸಿದರೆ ಧಾರಾಳವಾಯಿತು.

ನ್ಯೂ ಮೆಕ್ಸಿಕೊದಲ್ಲಿ ಬಳಕೆಯಲ್ಲಿರುವ ಅಡೋಬಿ ಇಟ್ಟಿಗೆ 14 ಇಂಚು ಉದ್ದ, 10 ಇಂಚು ಅಗಲ, 4 ಇಂಚು ದಪ್ಪ. ನಮ್ಮ ಪ್ರಮಾಣದಲ್ಲಿ ಅದರ ಮುಖ 6 x 2 ಮಿ.ಮೀ. ಆರಿಸಿದ ಜಾಗದಲ್ಲಿ ಬಾಲ್‌ಪೆನ್ನಿನಿಂದ ಸಂದೂ ಸೇರಿ 2.2 ಮಿ.ಮೀ.ಗೆ ಒಂದು ಅಡ್ಡಗೆರೆ ಒತ್ತಿ. ಪ್ರತಿ ವರಸೆಯ ಲಂಬಗೆರೆ ಕೆಳಗಿನ ವರಸೆಯ ಇಟ್ಟಿಗೆಯ ನಡುವಿಗೆ ಬರಲಿ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಮೆಲ್ಲಗೆ ಒತ್ತಿದರೆ ಮಣ್ಣಿನ ಒರಟುತನ ಬರುತ್ತದೆ.

ತೊಲೆ ಮತ್ತು ದೋಣಿ

ತೊಲೆಗಳು ಮನೆಯ ಗಿಡ್ಡ ಅಗಲವನ್ನು ದಾಟುತ್ತವೆ, ಆದ್ದರಿಂದ ತುದಿ ಕಾಣುವುದು ಉದ್ದ ಗೋಡೆಗಳಲ್ಲಿ ಮಾತ್ರ. ನಾಲ್ಕೂ ಕಡೆ ಚುಚ್ಚುವುದು ತಪ್ಪು. ಚಾವಣಿ ಎತ್ತುವಂತಿರಬೇಕಾದ್ದರಿಂದ ಪೂರ್ತಿ ಕಡ್ಡಿ ಹಾಯಿಸದೆ, ಬಿದಿರು ಕಡ್ಡಿಯನ್ನು 16 ಮಿ.ಮೀ. ಉದ್ದದ 12 ತುಂಡು ಮಾಡಿ. ಮೂಲೆಯಿಂದ 17.5 ಮಿ.ಮೀ. ಬಿಟ್ಟು, 15 ಮಿ.ಮೀ.ಗೆ ಒಂದರಂತೆ, ತಳದಿಂದ 52 ಮಿ.ಮೀ. ಎತ್ತರದಲ್ಲಿ ಒಂದೊಂದು ಗೋಡೆಗೆ ಆರು ತೂತು, 8 ಮಿ.ಮೀ. ಆಳ. ತುಂಡಿನ ಅರ್ಧ ಒಳಗೆ, ಅರ್ಧ ಹೊರಗೆ. ಹೊರಚಾಚು ಎಲ್ಲದಕ್ಕೂ ಸಮ ಇರಬೇಕೆಂದಿಲ್ಲ, ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಆದರೆ ಒಳ್ಳೆಯದೇ. ಹಿಂದಿನ ಗೋಡೆಯಲ್ಲಿ ಮಾಳಿಗೆಯ ಮಟ್ಟಕ್ಕೆ ಒಂದು ಸಣ್ಣ ಕಂಡಿ ಕೊರೆದು, ತೆಳು ಕಡ್ಡಿಯ ಮೂರು ಪಟ್ಟಿ ಸೇರಿಸಿದ ದೋಣಿ ಕೂರಿಸಿ, 10 ಮಿ.ಮೀ. ಹೊರಗೆ, ಕೆಳಮುಖವಾಗಿ.

ಗಿಲಾವು

ನಾಲ್ಕು ಚಮಚ ಪುಟ್ಟಿ, ಒಂದು ಚಮಚ ಮರಳು, ಒಂದು ಚಮಚ ಫೆವಿಕಾಲ್, ಅರ್ಧ ಚಮಚ ಕಂದು ಅಕ್ರಿಲಿಕ್ ಬಣ್ಣ. ಹನಿಹನಿ ನೀರು ಹಾಕಿ ಗಟ್ಟಿ ಮೊಸರಿನ ಹದಕ್ಕೆ ತನ್ನಿ. ಬಣ್ಣವನ್ನು ಮಿಶ್ರಣದಲ್ಲೇ ಸೇರಿಸುವುದಕ್ಕೆ ಕಾರಣವಿದೆ: ಆಟದಲ್ಲಿ ಮನೆ ಬಿದ್ದು ಚಕ್ಕೆ ಎದ್ದರೂ ಒಳಗಿನ ಬಿಳಿ ಇಣುಕುವುದಿಲ್ಲ.

ಬೆರಳಿನಿಂದಲೇ ಹಚ್ಚಿ. ನ್ಯೂ ಮೆಕ್ಸಿಕೊದಲ್ಲಿ ಮಣ್ಣು ಮೆತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರು, ಬರಿಗೈಯಲ್ಲಿ ಸವರುತ್ತಿದ್ದರು; ಗೋಡೆಯ ಮೇಲೆ ಕಮಾನಿನಂಥ ಸವರುಗೆರೆ ಉಳಿಯುವುದು ಅದರಿಂದ. ಹಚ್ಚಿದ ಹತ್ತು ನಿಮಿಷಕ್ಕೆ ಒದ್ದೆ ಬ್ರಷ್‌ನಿಂದ ಹಾಗೆ ಎಳೆದರೆ ಸಾಕು. ಇಟ್ಟಿಗೆ ಕಾಣುವ ಜಾಗದ ಅಂಚಿನಲ್ಲಿ ಗಿಲಾವನ್ನು ತೆಳುವಾಗಿಸದೆ, ಹಲ್ಲುಕಡ್ಡಿಯಿಂದ ದಪ್ಪ ಅಂಚು ನಿಲ್ಲಿಸಿ. ಆಗ ಇಟ್ಟಿಗೆ ಒಳಗೆ ಸರಿದಂತೆ ಕಾಣುತ್ತದೆ.

ಒಂದು ಪದರ 1 ಮಿ.ಮೀ. ಮೀರದಿರಲಿ. ಎರಡು ಮಿ.ಮೀ. ದಾಟಿದರೆ ಮೇಲ್ಮೈ ಒಣಗಿ ಒಳಗೆ ಹಸಿ ಉಳಿದು, ಕುಗ್ಗುವಾಗ ಬಿರುಕು ಬಿಡುತ್ತದೆ. ಬೇಗ ಒಣಗಲೆಂದು ಬಿಸಿಲಿಗೋ ಹೇರ್ ಡ್ರೈಯರಿಗೋ ಒಡ್ಡಿದರೂ ಅದೇ ಪಾಡು. 12 ಗಂಟೆ ನೆರಳಲ್ಲಿ ಒಣಗಿಸಿ, ಬೇಕಾದರೆ ಎರಡನೆಯ ಪದರ. ಹುಲ್ಲಿನ ಎಳೆ ಸೇರಿಸುವವರು ಸೆಣಬಿನ ನಾರನ್ನು 2 ಮಿ.ಮೀ.ಗೆ ಕತ್ತರಿಸಿ ಒಂದು ಚಿಟಿಕೆ ಹಾಕಬಹುದು. ಉದ್ದ ಎಳೆ ಈ ಪ್ರಮಾಣದಲ್ಲಿ ಹಗ್ಗದಂತೆ ಕಾಣುತ್ತದೆ.

ತಳದ ಹಲಗೆಗೆ ಒಂದೇ ಬದಿ ಹಚ್ಚಿದರೆ ನೀರು ಕುಡಿದು ಬಾಗುತ್ತದೆ. ಅಡಿಭಾಗಕ್ಕೂ ಫೆವಿಕಾಲ್ ಬೆರೆಸಿದ ಬಣ್ಣ ಬಳಿಯಿರಿ.

ಚಾವಣಿಯನ್ನು ಇಷ್ಟೆಲ್ಲ ಆದ ಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿಟ್ಟರೆ ಮೋಟುಗೋಡೆಯ ಒಳಮೈಗೆ ಹಚ್ಚಿದ ಗಿಲಾವು ಜಾಗ ತಿಂದು ಚಾವಣಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಗೋಡೆಯ ಒಳ ಅಳತೆ ತೆಗೆದು, ಪ್ರತಿ ಬದಿಗೆ 1 ಮಿ.ಮೀ. ಬಿಡಿ. ಎತ್ತಲು ಹಿಡಿಕೆ ಬೇಕಲ್ಲ, ಅದಕ್ಕೆ ಮಾಳಿಗೆಯ ಮೇಲೆ ಸೌದೆ ರಾಶಿಯನ್ನೋ ಮಡಕೆಯನ್ನೋ ಗಟ್ಟಿಯಾಗಿ ಅಂಟಿಸಿ.

ಬಣ್ಣ

ಬರಿ ಫೋಮ್ ಕಾಣುವ ಇಟ್ಟಿಗೆಯ ಜಾಗಕ್ಕೆ ಮೊದಲು ಫೆವಿಕಾಲ್ ಮತ್ತು ಕಂದು ಬಣ್ಣ ಸಮಸಮ ಬೆರೆಸಿ ಎರಡು ಕೋಟ್. ಸ್ಪ್ರೇ ಪ್ರೈಮರ್ ಹತ್ತಿರಕ್ಕೂ ತರಬೇಡಿ. ಅದರ ದ್ರಾವಕ ಸೂಜಿಮೊನೆಯಷ್ಟು ಸಂದಿನಲ್ಲಿ ನುಗ್ಗಿದರೂ ಒಳಗಿನ ಫೋಮ್ ಕರಗಿ ಗಿಲಾವಿನ ಚಿಪ್ಪು ಮಾತ್ರ ಉಳಿಯುತ್ತದೆ.

ಇಡೀ ಮನೆಗೆ ಮೂರು ಪಾಲು ರಾ ಸಿಯೆನ್ನಾ (ಹಳದಿ ಮಿಶ್ರಿತ ಕಂದು), ಒಂದು ಪಾಲು ಬರ್ಂಟ್ ಅಂಬರ್ (ಗಾಢ ಕಂದು). ಒಣಗಿದ ಮೇಲೆ ಅದೇ ರಾ ಸಿಯೆನ್ನಾಕ್ಕೆ ಯೆಲ್ಲೊ ಓಕರ್ ಮತ್ತು ಸ್ವಲ್ಪ ಬಿಳಿ ಸೇರಿಸಿ ಡ್ರೈ ಬ್ರಷ್. ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಅಂಗೈಗೆ ಎಳೆದರೆ ಬರೀ ಧೂಳಿನಷ್ಟು ಮೆತ್ತಬೇಕು. ಅದಕ್ಕಿಂತ ಒದ್ದೆಯಿದ್ದರೆ ಗೀಟು ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇಟ್ಟಿಗೆಗೆ ಕೆಂಪು ಬಳಿಯುವುದು. ಇದು ಸುಟ್ಟ ಇಟ್ಟಿಗೆಯಲ್ಲ, ಬಿಸಿಲಲ್ಲಿ ಒಣಗಿಸಿದ ಮಣ್ಣು. ಗಿಲಾವಿನ ಬಣ್ಣವನ್ನೇ ಅರ್ಧ ಛಾಯೆ ಗಾಢ ಮಾಡಿದರೆ ಸರಿಹೋಗುತ್ತದೆ. ಮಣ್ಣನ್ನು ಅಕ್ಕಪಕ್ಕದಲ್ಲೇ ಅಗೆದಿರುವುದರಿಂದ ತಳದ ನೆಲಕ್ಕೂ ಇದೇ ಬಣ್ಣಗಳು. ಮನೆ ನೆಲಕ್ಕಿಂತ ತುಸು ತಿಳಿಯಾಗಿದ್ದರೆ ಸಾಕು.

ಒಂದು ಪಾಲು ಬರ್ಂಟ್ ಅಂಬರಿಗೆ ಹತ್ತು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಇದನ್ನು ಇಟ್ಟಿಗೆಯ ಸಂದು, ತೊಲೆಯ ಬುಡ, ದೋಣಿಯ ಕೆಳಗೆ ಮಾತ್ರ ಹಾಯಿಸಿ. ಇಡೀ ಗೋಡೆಗೆ ಸುರಿದರೆ ಒಣಗುವಾಗ ಅಂಚುಗಟ್ಟಿ ಕಲೆ ನಿಲ್ಲುತ್ತದೆ. ಬುಡದ 6-8 ಮಿ.ಮೀ. ಪಟ್ಟಿಗೆ ನೆಲದ ಬಣ್ಣವನ್ನು ಸ್ಪಂಜಿನಿಂದ ತಟ್ಟಿ. ಮರಕ್ಕೆ ಕಂದು ಬೇಡ. ಬಿಸಿಲಿಗೆ ಒಣಗಿದ ಮರ ಬೂದಿಗೆ ತಿರುಗುತ್ತದೆ. ಒಳಗೋಡೆ ಬಿಳಿ, ಅಲ್ಲಿ ಜಿಪ್ಸಮ್ ಬಳಿಯುತ್ತಿದ್ದರು. ಕೊನೆಗೆ ನೀರಿನಾಧಾರಿತ ಮ್ಯಾಟ್ ವಾರ್ನಿಷ್ ಎರಡು ಕೋಟ್, ಬ್ರಷ್‌ನಿಂದ.

ಕಾಲಕ್ಕೆ ತಕ್ಕ ಮನೆ

ನ್ಯೂ ಮೆಕ್ಸಿಕೊದ ಸಾಂತಾ ಫೆಗೆ ರೈಲು ಬಂದದ್ದು 1880ರಲ್ಲಿ, ಗಾಜು ಸಲೀಸಾಗಿ ಸಿಗತೊಡಗಿದ್ದು ಆಮೇಲೆ. ನಿಮ್ಮ ಕಾಳಗ 1840ರ ದಶಕದ್ದಾದರೆ ಕಿಟಕಿಗೆ ಗಾಜು ಬೇಡ, ಮರದ ಸರಳು ಅಥವಾ ಕದ ಇರಲಿ. ಮೋಟುಗೋಡೆಯ ನೆತ್ತಿಗೆ ಸುಟ್ಟ ಇಟ್ಟಿಗೆಯ ಸಾಲು ಬರುವುದೂ ಆಮೇಲಿನ ಕಾಲದ ಮನೆಗಳಿಗೆ. ಮಾಳಿಗೆಗೆ ಹತ್ತಲು 2 ಮಿ.ಮೀ. ಕಡ್ಡಿಯ ಏಣಿ, 6 ಮಿ.ಮೀ.ಗೆ ಒಂದು ಮೆಟ್ಟಿಲು. ಅಂಗಳಕ್ಕೆ ರೊಟ್ಟಿ ಸುಡುವ ಗುಮ್ಮಟದ ಒಲೆ ಬೇಕೆಂದರೆ 20 ಮಿ.ಮೀ. ಥರ್ಮೊಕೋಲ್ ಗೋಲಿಯ ಕೆಳಗಿನ ಮೂರನೇ ಒಂದು ಭಾಗ ಕತ್ತರಿಸಿ, ಮುಂದೆ ಸಣ್ಣ ಬಾಯಿ ಕೊರೆದು, ಉಳಿದ ಗಿಲಾವು ಮೆತ್ತಿ.

ಎರಡನೆಯ ಮನೆ ಮಾಡುವಾಗ ಬೇರೆ ಅಳತೆ ಹಿಡಿಯಿರಿ, ಆದರೆ ಗೋಡೆಯ ಎತ್ತರ ಮತ್ತು ತೊಲೆಯ ಮಟ್ಟ ಬದಲಿಸಬೇಡಿ. ತಳದ ಹಲಗೆಯನ್ನು ಒಂದು ಪಕ್ಕದಲ್ಲಿ ಗೋಡೆಯ ಅಂಚಿಗೇ ಕತ್ತರಿಸಿ, ಆ ಗೋಡೆಗೆ ತೊಲೆ, ಕಿಟಕಿ, ದೋಣಿ ಯಾವುದನ್ನೂ ಹಾಕದೆ ಬಿಟ್ಟರೆ ಮನೆಗಳನ್ನು ಒಂದಕ್ಕೊಂದು ತಾಗಿಸಿ ಇಡಬಹುದು. ಬಾಗಿಲೆಲ್ಲ ಒಳಗಿನ ಚೌಕಕ್ಕೆ ತೆರೆದು, ಹೊರಗೆ ಬರೀ ಕುರುಡು ಗೋಡೆ ಕಾಣುವ ಕೋಟೆಯಂಥ ಊರು ನಾಲ್ಕೈದು ಮನೆಯಲ್ಲೇ ಸಿದ್ಧವಾಗುತ್ತದೆ.