ರಿಫ್ಲೆಕ್ಟಿವ್ ಜಾಕೆಟ್‌ಗಳಿಗೆ ಆರ್ಡರ್ ಕೊಡುವಾಗ ವ್ಯರ್ಥ ತಪ್ಪಿಸುವುದು ಹೇಗೆ?

ರಸ್ತೆ ಕಾಮಗಾರಿ, ಕಟ್ಟಡ ನಿರ್ಮಾಣ, ರೈಲು ಹಳಿಗಳ ದುರಸ್ತಿ, ಗೋದಾಮು, ವಿಮಾನ ನಿಲ್ದಾಣ ಹೀಗೆ ವಾಹನಗಳೂ ಮನುಷ್ಯರೂ ಒಂದೇ ಜಾಗದಲ್ಲಿ ಓಡಾಡುವ ಕಡೆಗಳಲ್ಲೆಲ್ಲ ಕೆಲಸಗಾರರು ಢಾಳಾದ ಹಳದಿ ಅಥವಾ ಕಿತ್ತಳೆ ಬಣ್ಣದ, ರಿಫ್ಲೆಕ್ಟರ್ ಪಟ್ಟಿಯಿರುವ ಉಡುಪು ತೊಡುತ್ತಾರೆ. ಸಂಸ್ಥೆಯ ಹೆಸರಾಗಲಿ ಲೋಗೋ ಆಗಲಿ ಇಲ್ಲದ ಇಂತಹ ಜಾಕೆಟ್ ಯಾರಿಗಾದರೂ ಒದಗುತ್ತದೆ. ಅಳತೆ ಹೊಂದದಿದ್ದರೆ ಬದಲಾಯಿಸಿಕೊಳ್ಳಬಹುದು, ಹೆಚ್ಚಾದರೆ ಪೂರೈಕೆದಾರರಿಗೆ ಮರಳಿಸಬಹುದು. ಹೆಸರು ಅಥವಾ ಲೋಗೋದ ಅಚ್ಚು ಬಿದ್ದ ಮೇಲೆ ಆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಹೀಗೆ ಉಳಿದ ಜಾಕೆಟ್‌ಗಳು ಉಗ್ರಾಣದ ಮೂಲೆಯಲ್ಲಿ ಪೆಟ್ಟಿಗೆಯೊಳಗೇ ಹಳೆಯದಾಗಿ, ಒಂದು ದಿನವೂ ಯಾರ ಮೈಮೇಲೂ ಬಾರದೆ ಕಸಕ್ಕೆ ಸೇರುತ್ತವೆ. ಆದ್ದರಿಂದ ಈ ಲೇಖನದಲ್ಲಿ ವಿವರಿಸುವ ಹೆಜ್ಜೆಗಳಿಗೆಲ್ಲ ಆಧಾರ ಒಂದೇ: ಅಚ್ಚು ಹಾಕಿಸುವುದನ್ನು ಸಾಧ್ಯವಾದಷ್ಟು ಕೊನೆಗೆ ಇಟ್ಟುಕೊಳ್ಳಬೇಕು, ಅದಕ್ಕೆ ಮುಂಚೆ ಎಲ್ಲ ಅನುಮಾನಗಳನ್ನೂ ಬಗೆಹರಿಸಿಕೊಳ್ಳಬೇಕು.

ಯಾರಿಗೆ, ಯಾವ ಕೆಲಸಕ್ಕೆ, ಯಾವ ದರ್ಜೆ?

ಮೊದಲು ಉಗ್ರಾಣದಲ್ಲಿ ಈಗಾಗಲೇ ಏನಿದೆ ಎಂದು ಎಣಿಸಿ. ಬಳಸದ ಜಾಕೆಟ್, ಬಳಸಿದ್ದರೂ ಇನ್ನೂ ಬಾಳುವ ಜಾಕೆಟ್, ದುರಸ್ತಿಯಿಂದ ಸರಿಯಾಗಬಹುದಾದ ಜಾಕೆಟ್ ಎಂದು ಮೂರು ಪಾಲು ಮಾಡಿ, ಪ್ರತಿ ಪಾಲನ್ನೂ ಅಳತೆಗೆ ಅನುಗುಣವಾಗಿ ಪಟ್ಟಿ ಮಾಡಬೇಕು. ಬಳಿಕ ಕೆಲಸಗಾರರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಯಾರು ಎಲ್ಲಿ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಹಗಲು ಗೋದಾಮಿನೊಳಗೆ ದುಡಿಯುವವರಿಗೂ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಲ್ಲುವವರಿಗೂ ಬೇಕಾದ ಉಡುಪು ಒಂದೇ ಅಲ್ಲ.

ಉಡುಪಿನ ದರ್ಜೆಯನ್ನು ಮಾನದಂಡಗಳು ನಿಗದಿಪಡಿಸುತ್ತವೆ. ಯುರೋಪಿನಲ್ಲಿ ಮತ್ತು ಇನ್ನೂ ಅನೇಕ ಕಡೆ ಬಳಕೆಯಲ್ಲಿರುವ ಇಎನ್ ಐಎಸ್‌ಒ 20471 ಎಂಬ ಮಾನದಂಡ ಮೂರು ದರ್ಜೆಗಳನ್ನು ಹೇಳುತ್ತದೆ. ಮೊದಲ ದರ್ಜೆಗೆ ಕನಿಷ್ಠ 0.14 ಚದರ ಮೀಟರ್ ಫ್ಲೋರೊಸೆಂಟ್ (ಢಾಳಾಗಿ ಹೊಳೆಯುವ ಬಣ್ಣದ) ಬಟ್ಟೆ ಮತ್ತು 0.10 ಚದರ ಮೀಟರ್ ರಿಫ್ಲೆಕ್ಟರ್ ಪಟ್ಟಿ, ಎರಡನೆಯದಕ್ಕೆ 0.50 ಮತ್ತು 0.13, ಮೂರನೆಯದಕ್ಕೆ 0.80 ಮತ್ತು 0.20 ಚದರ ಮೀಟರ್ ಇರಬೇಕು. ಅಮೆರಿಕದಲ್ಲಿ ಅನ್ಸಿ/ಐಎಸ್‌ಇಎ 107 ಎಂಬ ಮಾನದಂಡವಿದ್ದು, ಅದರ ಲೆಕ್ಕ ಬೇರೆ. ನಿಮ್ಮ ಕೆಲಸದ ಸ್ಥಳಕ್ಕೆ ಯಾವುದು ಅನ್ವಯಿಸುತ್ತದೆ, ಯಾವ ದರ್ಜೆ ಬೇಕು ಎಂಬುದನ್ನು ಸುರಕ್ಷತಾ ಅಧಿಕಾರಿಯಿಂದ ಬರಹದಲ್ಲಿ ಪಡೆದುಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ದರ್ಜೆ ತಪ್ಪಿದ ಆರ್ಡರ್ ಇಡಿಯಾಗಿ ವ್ಯರ್ಥವಾಗುತ್ತದೆ. ಅಷ್ಟೇ ಅಲ್ಲ, ಅದನ್ನು ತೊಟ್ಟವರ ಜೀವಕ್ಕೂ ಅಪಾಯ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಎರಡನೇ ದರ್ಜೆಯ ಜಾಕೆಟ್ ಮತ್ತು ಮೊದಲ ದರ್ಜೆಯ ಪ್ಯಾಂಟ್ ಜೊತೆಯಾಗಿ ಮೂರನೇ ದರ್ಜೆಗೆ ಸಲ್ಲುತ್ತವೆ ಎಂದು ಕೆಲವು ತಯಾರಕರು ಪ್ರಮಾಣೀಕರಿಸಿರುತ್ತಾರೆ. ಅಂತಹ ಜೋಡಿ ಸಿಕ್ಕಿದರೆ, ಇರುವ ಜಾಕೆಟ್‌ಗಳನ್ನೆಲ್ಲ ಬದಲಿಸದೆ ಪ್ಯಾಂಟ್ ಮಾತ್ರ ತರಿಸಿದರೂ ಸಾಕಾಗಬಹುದು. ಆದರೆ ಆ ಜೋಡಿಯ ಉಲ್ಲೇಖ ತಯಾರಕರ ಮಾಹಿತಿ ಪತ್ರದಲ್ಲಿ ಇರಲೇಬೇಕು. ನಾವೇ ಕೂಡಿಸಿ ಲೆಕ್ಕ ಹಾಕುವಂತಿಲ್ಲ.

ಅಳತೆಯನ್ನು ಊಹಿಸಬೇಡಿ

ಉಳಿಕೆಯ ಪೆಟ್ಟಿಗೆಗಳನ್ನು ತೆರೆದು ನೋಡಿದರೆ ತೀರಾ ದೊಡ್ಡ ಮತ್ತು ತೀರಾ ಚಿಕ್ಕ ಅಳತೆಯವೇ ಹೆಚ್ಚಾಗಿ ಕಾಣುತ್ತವೆ. ಪ್ರತಿ ಸೈಜಿನಲ್ಲೂ ಇಷ್ಟಿಷ್ಟು ಎಂದು ಸಮನಾಗಿ ಹಂಚಿ ಆರ್ಡರ್ ಕೊಡುವುದು, ಇಲ್ಲವೇ ಹಿಂದಿನ ಆರ್ಡರನ್ನು ಯೋಚಿಸದೆ ನಕಲು ಮಾಡುವುದು ಇದಕ್ಕೆ ಕಾರಣ. ಕೆಲಸಗಾರರ ಅಂಗಿಯ ಸೈಜ್ ಕೇಳಿ ಬರೆದುಕೊಂಡರೂ ಸಾಲದು, ಏಕೆಂದರೆ ಒಬ್ಬ ತಯಾರಕರ ‘ಎಲ್’ ಇನ್ನೊಬ್ಬರ ‘ಎಂ’ಗೆ ಸಮನಾಗಿರಬಹುದು. ಮೇಲಾಗಿ, ಹೊರಾಂಗಣದ ಜಾಕೆಟನ್ನು ಒಳಗಿನ ಸ್ವೆಟರ್ ಅಥವಾ ದಪ್ಪ ಅಂಗಿಯ ಮೇಲೆ ತೊಡಬೇಕಾಗುತ್ತದೆ.

ಪೂರೈಕೆದಾರರಿಂದ ಪ್ರತಿ ಸೈಜಿನ ಒಂದೊಂದು ಅಚ್ಚಿಲ್ಲದ ಜಾಕೆಟನ್ನು ಕೆಲವು ದಿನಗಳ ಮಟ್ಟಿಗೆ ತರಿಸಿಕೊಂಡು, ಪ್ರತಿಯೊಬ್ಬರಿಗೂ ತೊಡಿಸಿ ನೋಡುವುದೇ ಖಚಿತವಾದ ದಾರಿ. ತೊಟ್ಟು ನಿಂತರೆ ಸಾಲದು. ಎರಡೂ ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ನೋಡಬೇಕು, ಮುಂಭಾಗದ ಜಿಪ್ ಅಥವಾ ವೆಲ್ಕ್ರೋ ಪೂರ್ತಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸಬೇಕು. ಬಿಗಿಯಾದ ಜಾಕೆಟನ್ನು ಜನ ಎದೆ ತೆರೆದುಕೊಂಡೇ ತೊಡುತ್ತಾರೆ, ಆಗ ಮುಂದಿನ ಪಟ್ಟಿ ಪಕ್ಕಕ್ಕೆ ಸರಿದು ಎದುರಿನಿಂದ ಬರುವ ಚಾಲಕನಿಗೆ ಕಾಣುವ ಭಾಗ ಕಡಿಮೆಯಾಗುತ್ತದೆ. ಸಡಿಲವಾದದ್ದು ಯಂತ್ರಕ್ಕೋ ಕೊಕ್ಕೆಗೋ ಸಿಕ್ಕಿಕೊಳ್ಳುವ ಭಯವಿದೆ. ಮಹಿಳೆಯರಿಗೆ ಗಂಡಸರ ಚಿಕ್ಕ ಸೈಜ್ ಕೊಟ್ಟು ಸುಧಾರಿಸಿಕೊಳ್ಳಿ ಎನ್ನುವ ಪದ್ಧತಿಯನ್ನು ಬಿಡಲೇಬೇಕು. ಭುಜದಲ್ಲಿ ಜೋತು ಸೊಂಟದಲ್ಲಿ ಬಿಗಿಯುವ ಉಡುಪನ್ನು ಯಾರೂ ಮನಸ್ಸಿಟ್ಟು ತೊಡುವುದಿಲ್ಲ, ತೊಡದ ಉಡುಪು ಕೊಂಡ ದಿನವೇ ವ್ಯರ್ಥವಾಯಿತೆಂದೇ ಲೆಕ್ಕ. ಪಕ್ಕದಲ್ಲಿ ಸಡಿಲ-ಬಿಗಿ ಮಾಡಿಕೊಳ್ಳುವ ಪಟ್ಟಿಗಳಿರುವ ವಿನ್ಯಾಸ ಆರಿಸಿಕೊಂಡರೆ ಒಂದೇ ಜಾಕೆಟ್ ಹೆಚ್ಚು ಮಂದಿಗೆ ಹೊಂದುತ್ತದೆ, ಆಗ ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕಾದ ಸೈಜುಗಳ ಸಂಖ್ಯೆಯೂ ತಗ್ಗುತ್ತದೆ.

ಅಚ್ಚಿನಲ್ಲಿ ಏನಿರಬೇಕು, ಏನಿರಬಾರದು

ಹೆಚ್ಚಿನ ನಷ್ಟ ಆಗುವುದು ಈ ಹಂತದಲ್ಲಿ. ಮೊದಲಿಗೆ, ಬದಲಾಗುವ ಯಾವ ಮಾಹಿತಿಯನ್ನೂ ಬಟ್ಟೆಯ ಮೇಲೆ ಶಾಶ್ವತವಾಗಿ ಮುದ್ರಿಸಬೇಡಿ. ವ್ಯಕ್ತಿಯ ಹೆಸರು, ವರ್ಷ, ಯೋಜನೆಯ ಹೆಸರು, ದೂರವಾಣಿ ಸಂಖ್ಯೆ, ಆ ಯೋಜನೆಯ ಪಾಲುದಾರ ಸಂಸ್ಥೆಗಳ ಲಾಂಛನಗಳು ಎಲ್ಲವೂ ಜಾಕೆಟ್‌ಗಿಂತ ಬೇಗ ಹಳೆಯದಾಗುತ್ತವೆ. ಮೇಲ್ವಿಚಾರಕ, ಪ್ರಥಮ ಚಿಕಿತ್ಸಕ, ಅಗ್ನಿ ಸುರಕ್ಷತಾ ಸಿಬ್ಬಂದಿ ಮುಂತಾದ ಜವಾಬ್ದಾರಿಗಳೂ ಕೈ ಬದಲಾಗುತ್ತಿರುತ್ತವೆ. ಇಂಥವನ್ನು ಎದೆಯ ಮೇಲೆ ವೆಲ್ಕ್ರೋದಿಂದ ಅಂಟಿಸುವ ಪಟ್ಟಿಯಲ್ಲೋ ಪಾರದರ್ಶಕ ಗುರುತಿನ ಚೀಟಿ ಜೇಬಿನಲ್ಲೋ ಇಟ್ಟರೆ, ಒಬ್ಬರು ಕೆಲಸ ಬಿಟ್ಟಾಗ ತೊಳೆದ ಜಾಕೆಟ್ ಮುಂದಿನವರಿಗೆ ಸಲ್ಲುತ್ತದೆ. ಅಚ್ಚಿನಲ್ಲಿ ಸಂಸ್ಥೆಯ ಹೆಸರೋ ಲೋಗೋವೋ ಒಂದೇ ಬಣ್ಣದಲ್ಲಿದ್ದರೆ ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್ ಬೇಕು, ಪ್ರತಿ ಸ್ಕ್ರೀನ್‌ಗೂ ಹೊಂದಾಣಿಕೆಯ ಪರೀಕ್ಷಾ ಮುದ್ರಣ, ಶಾಯಿ, ತೊಳೆಯುವ ದ್ರಾವಣ ಬೇಕು. ಬಣ್ಣ ಹೆಚ್ಚಿದಷ್ಟೂ ಕೆಟ್ಟುಹೋಗುವ ತುಂಡುಗಳೂ ಹೆಚ್ಚುತ್ತವೆ.

ಲೋಗೋ ಎಷ್ಟು ದೊಡ್ಡದಿರಬೇಕೆಂಬುದು ಚೆಂದದ ಪ್ರಶ್ನೆ ಮಾತ್ರವಲ್ಲ. ಅಚ್ಚು ಮುಚ್ಚಿದಷ್ಟು ಜಾಗವನ್ನು ಫ್ಲೋರೊಸೆಂಟ್ ಬಟ್ಟೆಯ ವಿಸ್ತೀರ್ಣದಿಂದ ಕಳೆಯಬೇಕಾಗುತ್ತದೆ. ಚಿಕ್ಕ ಸೈಜಿನ ಒಂದು ಜಾಕೆಟ್‌ನಲ್ಲಿ 0.53 ಚದರ ಮೀಟರ್ ಬಟ್ಟೆ ಇದೆಯೆಂದುಕೊಳ್ಳಿ. ಅದರ ಬೆನ್ನಿನ ಮೇಲೆ 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಲೋಗೋ ಹಾಕಿಸಿದರೆ 0.06 ಚದರ ಮೀಟರ್ ಮುಚ್ಚಿಹೋಗಿ 0.47 ಉಳಿಯುತ್ತದೆ, ಅಂದರೆ ಎರಡನೇ ದರ್ಜೆಗೆ ಬೇಕಾದ 0.50ಕ್ಕಿಂತ ಕಡಿಮೆ. ದೊಡ್ಡ ಸೈಜಿನಲ್ಲಿ ಅದೇ ಲೋಗೋ ತೊಂದರೆ ಕೊಡದಿರಬಹುದು, ಹಾಗಾಗಿ ಲೆಕ್ಕವನ್ನು ಯಾವಾಗಲೂ ಅತಿ ಚಿಕ್ಕ ಸೈಜನ್ನು ಹಿಡಿದೇ ಮಾಡಬೇಕು. ರಿಫ್ಲೆಕ್ಟರ್ ಪಟ್ಟಿಯ ಮೇಲೆ ಅಚ್ಚು, ಹೊಲಿಗೆ, ಬ್ಯಾಡ್ಜ್ ಯಾವುದೂ ಬರಬಾರದು. ಆ ಪಟ್ಟಿಯಲ್ಲಿರುವ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪ್ರಿಸ್ಮ್‌ಗಳು ವಾಹನದ ದೀಪದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದರಿಂದಲೇ ರಾತ್ರಿ ಮನುಷ್ಯ ಚಾಲಕನ ಕಣ್ಣಿಗೆ ಬೀಳುತ್ತಾನೆ. ಫ್ಲೋರೊಸೆಂಟ್ ಬಟ್ಟೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಕಾಣುವ ಬೆಳಕಾಗಿ ಬದಲಿಸುತ್ತದೆ. ಅದರ ಉಪಯೋಗ ಹಗಲಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಎರಡೂ ಬೇರೆ ಬೇರೆ ಹೊತ್ತಿನ ರಕ್ಷಣೆಗಳಾದ್ದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು.

ಅಚ್ಚಿನ ವಿಧಾನವನ್ನು ಬಟ್ಟೆ ನೋಡಿ ಆರಿಸಬೇಕು. ಈ ಉಡುಪುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್‌ನವು. ಪಾಲಿಯೆಸ್ಟರ್‌ಗೆ ಹಾಕಿದ ಬಣ್ಣ ಹೆಚ್ಚು ಶಾಖಕ್ಕೆ ಆವಿಯಾಗಿ ಮೇಲಿನ ಶಾಯಿಯೊಳಗೆ ಸೇರಿಕೊಳ್ಳುತ್ತದೆ. ಬಟ್ಟೆ ಮುದ್ರಣದಲ್ಲಿ ಬಳಸುವ ಸಾಮಾನ್ಯ ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಆಧಾರಿತ) ಶಾಯಿ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖದಲ್ಲಿ ಕಿತ್ತಳೆ ಜಾಕೆಟ್ ಮೇಲಿನ ಬಿಳಿ ಅಕ್ಷರಗಳು ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಮುದ್ರಣಾಲಯದಿಂದ ಹೊರಬಂದಾಗ ಬೆಳ್ಳಗೇ ಇದ್ದದ್ದು ಕೆಲವು ದಿನಗಳ ಬಳಿಕ ಹೀಗಾದರೆ, ಇಡೀ ಕಂತನ್ನೇ ತಿರಸ್ಕರಿಸಬೇಕಾದ ಪ್ರಸಂಗ ಬರುತ್ತದೆ. ಕಡಿಮೆ ಶಾಖದ ಶಾಯಿ ಅಥವಾ ಟ್ರಾನ್ಸ್‌ಫರ್ (ಮೊದಲೇ ಹಾಳೆಯ ಮೇಲೆ ಮುದ್ರಿಸಿಟ್ಟು, ಬಟ್ಟೆಗೆ ಒತ್ತಿ ಅಂಟಿಸುವ ಅಚ್ಚು) ಬಳಸಬೇಕೆಂದು ಆರ್ಡರ್‌ನಲ್ಲೇ ಬರೆಯಿರಿ. ಗಾಢ ಬಣ್ಣದ ಅಕ್ಷರಗಳಾದರೆ ಈ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಕಸೂತಿ ಬಾಳಿಕೆ ಬರುತ್ತದೆ ನಿಜ, ಆದರೆ ತೆಳುವಾದ ಜಾಲರಿ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ, ಮಳೆ ಜಾಕೆಟ್‌ನಲ್ಲಿ ಸೂಜಿಯ ಪ್ರತಿ ರಂಧ್ರವೂ ನೀರು ಜಿನುಗುವ ದಾರಿಯಾಗುತ್ತದೆ. ಬೆಂಕಿನಿರೋಧಕ ಉಡುಪಿನ ಮೇಲೆ ಸಾಧಾರಣ ನೂಲಾಗಲಿ ಪ್ಲಾಸ್ಟಿಕ್ ಅಚ್ಚಾಗಲಿ ಕೂಡದು. ಅದಕ್ಕೆಂದೇ ಪರೀಕ್ಷೆಯಾದ ಸಾಮಗ್ರಿಯನ್ನು ತಯಾರಕರ ಒಪ್ಪಿಗೆ ಪಡೆದು ಬಳಸಬೇಕು.

ಒಪ್ಪಿಗೆಯ ಮಾದರಿ

ಪರದೆಯ ಮೇಲಿನ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ನೀವು ಕೊಳ್ಳಲಿರುವ ಬಟ್ಟೆಯ ಮೇಲೆಯೇ ಹಾಕಿದ ಒಂದು ಅಚ್ಚನ್ನು ಕೇಳಿ ಪಡೆಯಿರಿ. ಹೆಸರಿನ ಕಾಗುಣಿತ, ಲೋಗೋದ ಇತ್ತೀಚಿನ ರೂಪ, ಕತ್ತಿನಿಂದ ಮತ್ತು ಪಟ್ಟಿಯಿಂದ ಎಷ್ಟು ಅಂತರ ಎಂಬುದನ್ನು ಇಬ್ಬರು ಬೇರೆ ಬೇರೆಯಾಗಿ ಪರಿಶೀಲಿಸಲಿ. ಆಮೇಲೆ ಅದನ್ನು ಲೇಬಲ್‌ನಲ್ಲಿ ಹೇಳಿದಂತೆ ಕೆಲವು ಸಲ ತೊಳೆದು, ಒಂದು ವಾರ ಬಿಟ್ಟು ಮತ್ತೆ ನೋಡಿ. ಅವಸರದಲ್ಲಿ ಈ ವಾರವನ್ನು ಉಳಿಸಲು ಹೊರಟವರು ಎಷ್ಟೋ ಸಲ ಅದಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತಾರೆ. ಒಪ್ಪಿದ ಮಾದರಿಯನ್ನು ದಿನಾಂಕ ಬರೆದು ಜೋಪಾನವಾಗಿಟ್ಟರೆ, ಮುಂದೆ ಬಂದ ಸರಕನ್ನು ಅದರೊಂದಿಗೆ ಹೋಲಿಸಿ ನೋಡಬಹುದು.

ಎಷ್ಟು, ಯಾವಾಗ

ಹೆಚ್ಚು ಕೊಂಡರೆ ಪ್ರತಿ ತುಂಡಿನ ಬೆಲೆ ಇಳಿಯುತ್ತದೆ ಎಂಬ ಆಸೆಯೇ ಉಳಿಕೆಯ ಮೂಲ. ಉದಾಹರಣೆಗೆ 80 ಮಂದಿಗೆ ಬೇಕಿರುವಾಗ 100 ತೆಗೆದುಕೊಂಡರೆ ಶೇ 15ರಷ್ಟು ರಿಯಾಯಿತಿ ಸಿಗುತ್ತದೆ ಎನ್ನೋಣ. 100 ತುಂಡಿಗೆ ತೆರುವ ಹಣ 85 ತುಂಡಿನ ಪೂರ್ಣ ಬೆಲೆಗೆ ಸಮ. 20 ಜಾಕೆಟ್ ಬಳಕೆಯಾಗದೆ ಉಳಿದರೆ ರಿಯಾಯಿತಿ ಸಿಕ್ಕಿಯೂ ನಷ್ಟವೇ ಆಯಿತು. ಇದಕ್ಕೆ ಬದಲಾಗಿ, ವರ್ಷದ ಒಟ್ಟು ಪ್ರಮಾಣಕ್ಕೆ ಪೂರೈಕೆದಾರರೊಂದಿಗೆ ದರ ನಿಗದಿ ಮಾಡಿಕೊಂಡು, ಸರಕನ್ನು ಬೇಕಾದಾಗ ಕಂತುಗಳಲ್ಲಿ ತರಿಸಿಕೊಳ್ಳುವ ಒಪ್ಪಂದ ಕೇಳಿ. ಇದೀಗ ಇರುವವರಿಗೆ ಬೇಕಾದಷ್ಟಕ್ಕೆ ಮಾತ್ರ ಅಚ್ಚು ಹಾಕಿಸಿ. ಹೊಸಬರಿಗೆಂದು ಇಟ್ಟುಕೊಳ್ಳುವ ಹೆಚ್ಚುವರಿ ಜಾಕೆಟ್‌ಗಳು ಅಚ್ಚಿಲ್ಲದೆಯೇ ಇರಲಿ. ಟ್ರಾನ್ಸ್‌ಫರ್ ಲೋಗೋಗಳ ಹಾಳೆಯೊಂದನ್ನು ಮುದ್ರಿಸಿಟ್ಟುಕೊಂಡರೆ ಹೊಸಬರು ಸೇರಿದ ದಿನ ಅವರ ಅಳತೆಯ ಜಾಕೆಟ್‌ಗೆ ಒತ್ತಿಸಿಕೊಳ್ಳಬಹುದು. ಕೆಲವೇ ದಿನಕ್ಕೆ ಬರುವ ಗುತ್ತಿಗೆ ಕೆಲಸಗಾರರಿಗೂ ಭೇಟಿಗೆ ಬರುವವರಿಗೂ ಅಚ್ಚಿನ ಅಗತ್ಯವೇ ಇಲ್ಲ. ಪೂರೈಕೆದಾರರೊಂದಿಗೆ ಮಾತಾಡುವಾಗ, ಅಚ್ಚಿಲ್ಲದ ಜಾಕೆಟನ್ನು ಎಷ್ಟು ದಿನದೊಳಗೆ ಬದಲಾಯಿಸಿಕೊಡುತ್ತಾರೆ ಎಂಬುದನ್ನು ಬರೆಸಿಕೊಳ್ಳಿ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು: ಪ್ರತಿ ಜಾಕೆಟ್‌ಗೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲ ಬೇಡ, ಸೈಜಿಗೊಂದು ಕಟ್ಟು ಮಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿ ಎಂದು ಬರೆದರೆ ಸಾಕು.

ಬಾಳಿಕೆಯೂ ಆರ್ಡರಿನ ಭಾಗ

ಅನೇಕ ಉಡುಪುಗಳ ಲೇಬಲ್‌ನಲ್ಲಿ ಗರಿಷ್ಠ ಎಷ್ಟು ಸಲ ತೊಳೆಯಬಹುದೆಂಬ ಸಂಖ್ಯೆ ಇರುತ್ತದೆ. ವಾರಕ್ಕೊಮ್ಮೆ ತೊಳೆದರೆ 25 ಎಂದಿರುವ ಜಾಕೆಟ್ ಆರು ತಿಂಗಳಿಗೆ ಮುಗಿಯಿತು. 50 ಎಂದಿರುವುದು ಸುಮಾರು ವರ್ಷ ಬಾಳುತ್ತದೆ. ಕೊಳ್ಳುವ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ ಹೋಲಿಸಿದರೆ ಅಗ್ಗದ್ದು ಯಾವುದೆಂದು ತಿಳಿಯುತ್ತದೆ. ಮರುಬಳಕೆಯ ನೂಲಿನಿಂದ ಮಾಡಿದ ಬಟ್ಟೆ ಒಳ್ಳೆಯದೇ, ಆದರೆ ಬೇಡದ 20 ಜಾಕೆಟ್ ಕೊಂಡ ತಪ್ಪನ್ನು ಅದು ಸರಿಪಡಿಸುವುದಿಲ್ಲ. ಮೆದುಗೊಳಿಸುವ ದ್ರವ, ಬ್ಲೀಚ್ ಬಳಸದೆ, ಒಳಮೈ ಹೊರಗೆ ಮಾಡಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು ಎಂಬ ಚೀಟಿಯನ್ನು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಜಾಕೆಟ್ ಜೊತೆಗೇ ಕೊಡಿ. ಬಿಸಿಲು ಫ್ಲೋರೊಸೆಂಟ್ ಬಣ್ಣವನ್ನು ತಿನ್ನುತ್ತದೆ. ಬಳಸದಿರುವಾಗ ವಾಹನದ ಕಿಟಕಿಯ ಬಳಿ ಬಿಸಿಲಿಗೆ ಬಿಟ್ಟ ಜಾಕೆಟ್ ಸುಮ್ಮನೆ ಆಯಸ್ಸು ಕಳೆದುಕೊಳ್ಳುತ್ತದೆ. ಜಿಪ್ ಬದಲಿಸುವುದು, ಬಿಚ್ಚಿದ ಹೊಲಿಗೆ ಹಾಕುವುದು ಮುಂತಾದ ದುರಸ್ತಿ ಯಾರು ಮಾಡಿಕೊಡುತ್ತಾರೆ ಎಂಬುದನ್ನು ಪೂರೈಕೆದಾರರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ರಿಫ್ಲೆಕ್ಟರ್ ಪಟ್ಟಿ ಬದಲಿಸುವುದಾದರೆ ಪ್ರಮಾಣೀಕೃತ ಪಟ್ಟಿಯನ್ನೇ ತಯಾರಕರ ಸೂಚನೆಯಂತೆ ಹಾಕಿಸಬೇಕು.

ಮಾಸಿದ, ಪಟ್ಟಿ ಉದುರಿದ ಜಾಕೆಟನ್ನು ವಾಹನ ಓಡಾಡುವ ಕಡೆ ಯಾರಿಗೂ ತೊಡಲು ಕೊಡಬಾರದು; ಉಳಿತಾಯದ ಹೆಸರಿನಲ್ಲಿ ಇದನ್ನು ಮಾಡುವಂತಿಲ್ಲ. ಅದನ್ನು ಮರಳಿ ಪಡೆಯುವ ವ್ಯವಸ್ಥೆ ಪೂರೈಕೆದಾರರಲ್ಲಿದೆಯೇ, ಬಟ್ಟೆ ಮರುಬಳಕೆ ಮಾಡುವವರು ಪಟ್ಟಿ, ಜಿಪ್, ಲೋಗೋಗಳನ್ನು ಕತ್ತರಿಸಿ ಕೊಡಬೇಕೆನ್ನುತ್ತಾರೆಯೇ ಎಂದು ಆರ್ಡರ್ ಕೊಡುವ ಮುನ್ನವೇ ವಿಚಾರಿಸಿ. ಹತ್ತಿ ಬೆರೆತ ಬಟ್ಟೆಗಿಂತ ಪೂರ್ತಿ ಪಾಲಿಯೆಸ್ಟರ್ ಬಟ್ಟೆಯ ಮರುಬಳಕೆ ಸುಲಭ. ಪ್ರತಿ ಜಾಕೆಟನ್ನು ತೆಗೆದುಹಾಕುವಾಗ ಕಾರಣವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಬಣ್ಣ ಮಾಸಿತು, ಪಟ್ಟಿ ಸವೆಯಿತು, ಹರಿಯಿತು, ಎಣ್ಣೆ ಕಲೆ ಹೋಗಲಿಲ್ಲ, ಅಳತೆ ಹೊಂದಲಿಲ್ಲ, ಲೋಗೋ ಬದಲಾಯಿತು. ಮೊದಲ ನಾಲ್ಕು ಕಾರಣಗಳು ಹೆಚ್ಚಾಗಿದ್ದರೆ ಮುಂದಿನ ಸಲ ಬಟ್ಟೆ ಮತ್ತು ತೊಳೆಯುವ ಕ್ರಮವನ್ನು ಬದಲಿಸಬೇಕು. ಕೊನೆಯ ಎರಡು ಹೆಚ್ಚಾಗಿದ್ದರೆ ಸೈಜಿನ ಪಟ್ಟಿಯನ್ನೂ ಅಚ್ಚಿನ ವಿನ್ಯಾಸವನ್ನೂ ಮತ್ತೆ ಮೊದಲಿನಿಂದ ಮಾಡಬೇಕು.